ಆಟದ ಕಣ, ನೋಟದ ಬೆಲೆ

ಆಶಯ : ಮನೆಯಲ್ಲಿ ಕುಳಿತು ಆಟ ನೋಡುವುದು ಇಂದು ಸಾಮಾನ್ಯ ಸಂಗತಿ. ಆ ನೋಟದ ಹಿಂದೆ ಕೋಟಿಗಟ್ಟಲೆ ರೂಪಾಯಿಗಳ ಕೊಡುಕೊಳೆಯಿದೆ. ಪ್ರಸಾರದ ಹಕ್ಕು ಎಂದರೇನು, ಅದು ಕೈಯಿಂದ ಕೈಗೆ ಹೇಗೆ ಸಾಗಿತು, ಅಂತರಜಾಲದ ಬರವಿನಿಂದ ಚಂದಾ ವಾಹಿನಿಗಳ ವ್ಯಾಪಾರ ಹೇಗೆ ಮಾರ್ಪಟ್ಟಿತು ಎಂಬುದನ್ನು ಈ ಪಾಠ ವಿವರಿಸುತ್ತದೆ.

ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಐದು ತಾಲ್ಲೂಕುಗಳಿವೆ. ಕೃಷ್ಣೆ, ದೂಧಗಂಗೆ, ವೇದಗಂಗೆಯರ ನೀರುಂಡ ನೆಲ ಅದು. ಕಬ್ಬು, ತಂಬಾಕು, ಚರ್ಮದ ಚಪ್ಪಲಿಗಳಿಗೆ ಹೆಸರಾದ ಈ ಸೀಮೆಗೆ ಕುಸ್ತಿಯೂ ಅಷ್ಟೇ ಪ್ರಿಯವಾದುದು. ಊರ ಜಾತ್ರೆ ಬಂದಿತೆಂದರೆ ಕುಸ್ತಿಯ ಕಣ ಸಿದ್ಧವಾಗುತ್ತದೆ. ಮಣ್ಣನ್ನು ಸಡಿಲಿಸಿ ಹದಗೊಳಿಸುತ್ತಾರೆ. ಹಲಗೆಯ ಸದ್ದಿಗೆ ಪೈಲವಾನರು ತೊಡೆ ತಟ್ಟಿ ಇಳಿಯುತ್ತಾರೆ. ನೋಡುವವರಿಗೆ ಲೆಕ್ಕವಿಲ್ಲ. ಕೆಲವರು ನೆಲದ ಮೇಲೆ, ಕೆಲವರು ಮಾಳಿಗೆಯ ಮೇಲೆ, ಹುಡುಗರು ಬೇವಿನ ಮರದ ಕೊಂಬೆಯ ಮೇಲೆ. ಗೆದ್ದವರಿಗೆ ಕೊಡುವ ಹಣ ಊರಿನವರು ಪಟ್ಟಿ ಹಾಕಿ ಕೂಡಿಸಿದ್ದು. ಹೀಗೆ ಆಟವೂ ಊರಿನದು, ನೋಟವೂ ಊರಿನದು.

ಗಡಿಯಾಚೆಯ ಕೊಲ್ಹಾಪುರದಲ್ಲಿ ಛತ್ರಪತಿ ಶಾಹು ಮಹಾರಾಜರು ಕಟ್ಟಿಸಿದ ಖಾಸಬಾಗ ಮೈದಾನವಿದೆ. 1912ರಲ್ಲಿ ಸಿದ್ಧವಾದ ಆ ಮೈದಾನದ ನಡುವೆ ಕಣ, ಸುತ್ತಲೂ ಎತ್ತರಕ್ಕೆ ಏರುತ್ತ ಹೋಗುವ ಆಸನಗಳು, ಅವುಗಳಾಚೆ ಆವರಣ. ಆವರಣವಿದ್ದಲ್ಲಿ ಬಾಗಿಲಿರುತ್ತದೆ, ಬಾಗಿಲಿದ್ದಲ್ಲಿ ಚೀಟಿ ಮಾರಲು ಬರುತ್ತದೆ. ಮರದ ಕೊಂಬೆಯ ಮೇಲೆ ಕುಳಿತವನಿಂದ ಹಣ ಕೇಳುವುದು ಸಾಧ್ಯವಿಲ್ಲ. ಬಾಗಿಲ ಮುಂದೆ ನಿಂತವನಿಂದ ಕೇಳಬಹುದು. ಆಟಕ್ಕೆ ಬೆಲೆ ಕಟ್ಟಬೇಕಾದರೆ ಮೊದಲು ಬೇಲಿ ಹಾಕಬೇಕು. ಕ್ರೀಡಾ ಪ್ರಸಾರದ ಇಡೀ ಚರಿತ್ರೆಯನ್ನು ಈ ಒಂದು ಮಾತಿನಲ್ಲಿ ಅಡಗಿಸಬಹುದು: ಕಣ್ಣಿಗೆ ಕಾಣದ ಗಾಳಿಯಲ್ಲಿ ಮನುಷ್ಯನು ಬೇಲಿ ಹಾಕಿದ ಬಗೆಯೇ ಆ ಚರಿತ್ರೆ.

ಭಾರತದಲ್ಲಿ ದೂರದರ್ಶನದ ಪ್ರಾಯೋಗಿಕ ಪ್ರಸಾರವು 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಆರಂಭವಾಯಿತು. ಬೆಂಗಳೂರು ದೂರದರ್ಶನ ಕೇಂದ್ರವು 1981ರಲ್ಲಿ ತಲೆಯೆತ್ತಿತು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಕಾಲಕ್ಕೆ ಪರದೆಗೆ ಬಣ್ಣ ಬಂದಿತು. ಮರುವರ್ಷ ಜೂನ್ 25ರಂದು ಲಾರ್ಡ್ಸ್ ಮೈದಾನದಲ್ಲಿ ಕಪಿಲ್ ದೇವ್ ನಾಯಕತ್ವದ ತಂಡ ವಿಶ್ವಕಪ್ಪನ್ನು ಗೆದ್ದಿತು. ಆಗ ಆಟ ನೋಡುವವನು ಆಟಕ್ಕೆಂದು ಪ್ರತ್ಯೇಕ ಹಣ ಕೊಡಬೇಕಾಗಿರಲಿಲ್ಲ. ಮಾಳಿಗೆಯ ಮೇಲೊಂದು ಆಂಟೆನಾ ನಿಲ್ಲಿಸಿದರೆ ಸಾಕು, ಚಿತ್ರ ಮನೆಯೊಳಕ್ಕೆ ಇಳಿಯುತ್ತಿತ್ತು. ಒಂದು ಮನೆಯಲ್ಲಿ ಪೆಟ್ಟಿಗೆಯಿದ್ದರೆ ಓಣಿಯ ಮಕ್ಕಳೆಲ್ಲ ಅಲ್ಲಿ ಕೂಡುತ್ತಿದ್ದರು. ಅದು ಬೇಲಿಯಿಲ್ಲದ ಜಾತ್ರೆಯ ಕಣ.

ಈ ಸ್ಥಿತಿಯನ್ನು ಬದಲಿಸಿದ ವರ್ಷ 1993. ಬಂಗಾಳ ಕ್ರಿಕೆಟ್ ಸಂಸ್ಥೆಯು ಆ ವರ್ಷ ಹೀರೋ ಕಪ್ ಪಂದ್ಯಾವಳಿಯನ್ನು ಏರ್ಪಡಿಸಿ, ಪ್ರಸಾರದ ಹಕ್ಕನ್ನು ವಿದೇಶಿ ಸಂಸ್ಥೆಯೊಂದಕ್ಕೆ ಮಾರಿತು. ದೂರದರ್ಶನಕ್ಕೆ ಇದು ಒಪ್ಪಿಗೆಯಾಗಲಿಲ್ಲ. ಹಕ್ಕಿಗಾಗಿ ತಾನು ಹಣ ಕೊಡುವುದು ಹಾಗಿರಲಿ, ಪಂದ್ಯವೊಂದಕ್ಕೆ 5 ಲಕ್ಷ ರೂಪಾಯಿಯನ್ನು ತನಗೇ ಕೊಟ್ಟರೆ ಮಾತ್ರ ಪ್ರಸಾರ ಮಾಡುವುದಾಗಿ ಅದು ಹೇಳಿತು. ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. ಆ ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ ಕನ್ನಡಿಗ ಅನಿಲ್ ಕುಂಬ್ಳೆಯವರು ಕೇವಲ 12 ಓಟಗಳಿಗೆ 6 ಹುದ್ದರಿಗಳನ್ನು ಉರುಳಿಸಿ ವೆಸ್ಟ್ ಇಂಡೀಸ್ ತಂಡವನ್ನು ಮಣಿಸಿದರು. ಮೈದಾನದ ಆಟ ಅಲ್ಲಿಗೆ ಮುಗಿಯಿತು. ನ್ಯಾಯಾಲಯದ ವಾದ ಮುಂದುವರಿಯಿತು.

1995ರ ಫೆಬ್ರವರಿ 9ರಂದು ಸರ್ವೋಚ್ಚ ನ್ಯಾಯಾಲಯವು ತನ್ನ ತೀರ್ಪನ್ನಿತ್ತಿತು. ಆಕಾಶದ ತರಂಗಗಳು ಸಾರ್ವಜನಿಕ ಸ್ವತ್ತು. ಅವುಗಳ ಮೇಲೆ ಸರ್ಕಾರಕ್ಕಾಗಲಿ ಖಾಸಗಿಯವರಿಗಾಗಲಿ ಏಕಸ್ವಾಮ್ಯವಿರಕೂಡದು ಎಂಬುದು ಆ ತೀರ್ಪಿನ ತಿರುಳು. ಇದರಿಂದ ಆಟವನ್ನು ಏರ್ಪಡಿಸುವವರಿಗೆ ಅದರ ಪ್ರಸಾರದ ಹಕ್ಕನ್ನು ತಮಗೆ ಬೇಕಾದವರಿಗೆ ಮಾರುವ ದಾರಿ ತೆರೆಯಿತು. ಅದೇ ಹೊತ್ತಿಗೆ ಉಪಗ್ರಹ ವಾಹಿನಿಗಳು ಬಂದವು. ಕೇಬಲ್ ತಂತಿಗಳು ಊರೂರಿನ ಮಾಳಿಗೆಯಿಂದ ಮಾಳಿಗೆಗೆ ಹಬ್ಬಿದವು. ಗಾಳಿಯ ಬೇಲಿ ಹೀಗೆ ಸಿದ್ಧವಾಯಿತು.

ಚಂದಾ ವಾಹಿನಿಗಳ ವ್ಯಾಪಾರವನ್ನು ಕಾಲುವೆಯ ನೀರಿಗೆ ಹೋಲಿಸಬಹುದು. ಘಟಪ್ರಭಾ ಎಡದಂಡೆ ಕಾಲುವೆಯ ನೀರು ಜಲಾಶಯದಿಂದ ಮುಖ್ಯ ಕಾಲುವೆಗೆ, ಅಲ್ಲಿಂದ ಉಪಕಾಲುವೆಗೆ, ಕೊನೆಗೆ ಹೊಲಗಾಲುವೆಗೆ ಹರಿದು ರಾಯಬಾಗದ ಹೊಲಗಳನ್ನು ಮುಟ್ಟುತ್ತದೆ. ಆಟದ ಚಿತ್ರವೂ ಹಾಗೆಯೇ. ಕ್ರಿಕೆಟ್ ಮಂಡಳಿಯು ಹಕ್ಕನ್ನು ವಾಹಿನಿಯ ಒಡೆಯರಿಗೆ ಮಾರುತ್ತದೆ. ವಾಹಿನಿಯವರು ಚಿತ್ರವನ್ನು ದೊಡ್ಡ ವಿತರಕರಿಗೆ ಕೊಡುತ್ತಾರೆ. ವಿತರಕರಿಂದ ಊರಿನ ಕೇಬಲ್‌ನವನಿಗೆ, ಅವನಿಂದ ಮನೆಗೆ. ನೀರು ಕೆಳಮುಖವಾಗಿ ಹರಿದರೆ ಹಣ ಮೇಲ್ಮುಖವಾಗಿ ಹರಿಯುತ್ತದೆ. ಪ್ರತಿಯೊಂದು ತೂಬಿನಲ್ಲಿಯೂ ಒಂದಿಷ್ಟು ಪಾಲು ನಿಲ್ಲುತ್ತದೆ.

ಈ ವ್ಯಾಪಾರಕ್ಕೆ ಎರಡು ಆದಾಯಗಳು: ಒಂದು ನೋಡುವವನು ಕೊಡುವ ಚಂದಾ, ಇನ್ನೊಂದು ಜಾಹೀರಾತಿನ ಹಣ. ಚಂದಾದ ಗುಟ್ಟು ಇರುವುದು ಕಂತೆಯಲ್ಲಿ. ಧಾರಾವಾಹಿಯ ವಾಹಿನಿ, ಸಿನಿಮಾ ವಾಹಿನಿ, ಕ್ರೀಡಾ ವಾಹಿನಿಗಳನ್ನೆಲ್ಲ ಒಂದು ಕಂತೆಯಾಗಿ ಕಟ್ಟಿ ಮಾರುತ್ತಾರೆ. ಹೀಗಾಗಿ ಕ್ರಿಕೆಟ್ ನೋಡದ ಮನೆಯೂ ಕ್ರಿಕೆಟ್ಟಿಗಾಗಿ ಸ್ವಲ್ಪ ಹಣ ಕೊಡುತ್ತದೆ. ಧಾರಾವಾಹಿ ನೋಡದವನೂ ಧಾರಾವಾಹಿಗೆ ಕೊಡುತ್ತಾನೆ. ಸಿನಿಮಾವನ್ನು ನಾಳೆ ನೋಡಬಹುದು, ಧಾರಾವಾಹಿಯನ್ನು ನಾಡಿದ್ದು ನೋಡಬಹುದು. ಆಟವನ್ನು ಮಾತ್ರ ನಡೆಯುವಾಗಲೇ ನೋಡಬೇಕು. ಫಲಿತಾಂಶ ತಿಳಿದ ಮೇಲೆ ಅದು ಬಾಡಿದ ಹೂವು. ಆದುದರಿಂದಲೇ ಕಂತೆಯನ್ನು ಬಿಗಿದು ಹಿಡಿದ ಹಗ್ಗ ಆಟವೇ ಆಯಿತು. ಇಂಗ್ಲೆಂಡಿನಲ್ಲಿ 1992ರಲ್ಲಿ ಸ್ಕೈ ಎಂಬ ಚಂದಾ ವಾಹಿನಿಯು ಪ್ರೀಮಿಯರ್ ಲೀಗ್ ಫುಟ್‌ಬಾಲ್ ಪಂದ್ಯಗಳ ನೇರಪ್ರಸಾರದ ಹಕ್ಕನ್ನು ಪಡೆದು, ಅದರ ಬಲದಿಂದಲೇ ಮನೆಮನೆಯನ್ನು ಗೆದ್ದುಕೊಂಡಿತು. ಅಮೆರಿಕದಲ್ಲಿ ಇಎಸ್‌ಪಿಎನ್ ವಾಹಿನಿಯು ಇದೇ ಕಂತೆಯ ಬಲದಿಂದ ಒಂದು ಕಾಲಕ್ಕೆ ಸುಮಾರು 10 ಕೋಟಿ ಮನೆಗಳನ್ನು ಮುಟ್ಟಿತ್ತು.

ಗಡಿನಾಡಿನಲ್ಲಿ ಈ ಕಂತೆಗೆ ಇನ್ನೊಂದು ತೊಡಕಿದೆ. ನಿಪ್ಪಾಣಿಯಲ್ಲಾಗಲಿ ಕಾಗವಾಡದಲ್ಲಾಗಲಿ ಎಷ್ಟೋ ಮನೆಗಳಲ್ಲಿ ಕನ್ನಡ, ಮರಾಠಿ ಎರಡೂ ಮಾತುಗಳು ಒಂದೇ ಒಲೆಯ ಮುಂದೆ ಕೂಡುತ್ತವೆ. ಅಂಥ ಮನೆಗೆ ಕನ್ನಡದ ಕಂತೆಯೂ ಬೇಕು, ಮರಾಠಿಯ ಕಂತೆಯೂ ಬೇಕು, ಮೇಲೆ ಆಟದ ವಾಹಿನಿಯೂ ಬೇಕು. 2019ರ ಫೆಬ್ರವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ಹೊಸ ದರಪದ್ಧತಿ ಜಾರಿಗೆ ಬಂದಿತು. ಬೇಕಾದ ವಾಹಿನಿಯನ್ನಷ್ಟೇ ಆರಿಸಿಕೊಳ್ಳುವ ಅವಕಾಶ ಅದರಿಂದ ದೊರೆಯಿತು. ಮೊದಲ 100 ವಾಹಿನಿಗಳ ಸಂಪರ್ಕಕ್ಕೆ ತೆರಿಗೆ ಬಿಟ್ಟು ತಿಂಗಳಿಗೆ 130 ರೂಪಾಯಿಯ ಮಿತಿಯನ್ನೂ, ಕಂತೆಯಲ್ಲಿ ಸೇರಿಸುವ ವಾಹಿನಿಯೊಂದಕ್ಕೆ 19 ರೂಪಾಯಿಯ ಮಿತಿಯನ್ನೂ ಅಂದು ಗೊತ್ತುಪಡಿಸಲಾಯಿತು. ಸಂಪರ್ಕ ಶುಲ್ಕದ ಮಿತಿಯನ್ನು ಪ್ರಾಧಿಕಾರವು 2024ರಲ್ಲಿ ತೆಗೆದುಹಾಕಿತು. ಆಯ್ಕೆ ದೊರೆತರೂ ಎರಡು ಭಾಷೆಯ ಮನೆಗೆ ಲೆಕ್ಕ ಹಗುರವಾಗಲಿಲ್ಲ.

ಕಬ್ಬಿನ ತೋಟದ ನಡುವಿನ ಮನೆಗಳಿಗೆ ಕೇಬಲ್ ತಂತಿ ಎಳೆಯುವುದು ಸುಲಭವಲ್ಲ. ಅಲ್ಲಿ ಮಾಳಿಗೆಯ ಮೇಲಿನ ಡಿಶ್ ಬುಟ್ಟಿಯೇ ಗತಿ. ಅಂಥದೊಂದು ತೋಟದ ಮನೆಯನ್ನು ಊಹಿಸಿಕೊಳ್ಳಬಹುದು. ಪಂದ್ಯ ಕೊನೆಯ ಘಟ್ಟದಲ್ಲಿದೆ. ಅಷ್ಟರಲ್ಲಿ ಚಂದಾ ಮುಗಿದು ಪರದೆ ಕಪ್ಪಾಗುತ್ತದೆ.

“ಅಜ್ಜಾ, ರೊಕ್ಕ ಮುಗದೈತಿ. ತುಂಬಿದರನ ಮ್ಯಾಚ್ ಕಾಣತೈತಿ” ಎನ್ನುತ್ತಾನೆ ಮೊಮ್ಮಗ.

“ಮುಗಿಲಿಂದ ಬರೂದಕ್ಕ ಯಾರಿಗಪಾ ರೊಕ್ಕಾ ಕೊಡೂದು?” ಎಂದು ಅಜ್ಜ ಕೇಳುತ್ತಾನೆ.

ಅಜ್ಜನ ಪ್ರಶ್ನೆ ಮುಗ್ಧವೆಂದು ತೋರಿದರೂ ಸರ್ವೋಚ್ಚ ನ್ಯಾಯಾಲಯದ ಮುಂದಿದ್ದ ಪ್ರಶ್ನೆಗೆ ಬಹಳ ದೂರವಾದುದಲ್ಲ. ತರಂಗ ಎಲ್ಲರದು; ಆದರೆ ತರಂಗದ ಮೇಲೇರಿ ಬರುವ ಆಟ ಕೊಂಡವರದು. ಇವೆರಡರ ನಡುವೆ ಸಮತೋಲ ತರಲೆಂದೇ ಸಂಸತ್ತು 2007ರಲ್ಲಿ ಒಂದು ಕಾಯಿದೆಯನ್ನು ಮಾಡಿತು. ರಾಷ್ಟ್ರೀಯ ಮಹತ್ತ್ವದ್ದೆಂದು ಗೊತ್ತುಪಡಿಸಿದ ಪಂದ್ಯಗಳ ಚಿತ್ರವನ್ನು ಹಕ್ಕುದಾರರು ಪ್ರಸಾರ ಭಾರತಿಯೊಡನೆ ಹಂಚಿಕೊಳ್ಳಬೇಕು. ದೂರದರ್ಶನದಲ್ಲಿ ಬರುವ ಜಾಹೀರಾತಿನ ಆದಾಯದಲ್ಲಿ ಕನಿಷ್ಠ 75 ಪಾಲು ಹಕ್ಕುದಾರರಿಗೆ, ಉಳಿದ 25 ಪಾಲು ಪ್ರಸಾರ ಭಾರತಿಗೆ. ಹೀಗೆ ಹಂಚಿಕೊಂಡ ಚಿತ್ರ ದೂರದರ್ಶನದ ಸ್ವಂತ ಭೂಪ್ರಸಾರಕ್ಕೂ ಉಚಿತ ಡಿಶ್ ಸೇವೆಗೂ ಮಾತ್ರ ಸಲ್ಲುತ್ತದೆ, ಖಾಸಗಿ ಕೇಬಲ್ಲಿಗೆ ಸಲ್ಲುವುದಿಲ್ಲ ಎಂದು 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು. ಬಡವನ ಮನೆಗೂ ದೇಶದ ಆಟ ಕಾಣಲೆಂದು ಬೇಲಿಯಲ್ಲಿ ಬಿಟ್ಟ ಕಿಂಡಿ ಇದು.

ಇಷ್ಟರಲ್ಲಿ ಇನ್ನೊಂದು ದಾರಿ ತೆರೆದಿತ್ತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾದ ಮೇಲೆ ಅಂತರಜಾಲದ ದತ್ತಾಂಶದ ಬೆಲೆ ದೇಶದಲ್ಲಿ ಬಹಳ ಇಳಿಯಿತು. ಕೈಯಲ್ಲಿನ ಮೊಬೈಲೇ ಪರದೆಯಾಯಿತು. ಅಂತರಜಾಲದ ಮೂಲಕ ಚಿತ್ರವನ್ನು ಹೊಳೆಯಂತೆ ನಿರಂತರವಾಗಿ ಹರಿಸುವ ಈ ಕ್ರಮಕ್ಕೆ ಸ್ಟ್ರೀಮಿಂಗ್ ಎಂದು ಹೆಸರು. ಇದರ ಕೆಲಸದ ರೀತಿ ಹಳೆಯದಕ್ಕಿಂತ ಬೇರೆ. ಉಪಗ್ರಹದಿಂದ ಬೀಳುವ ಚಿತ್ರ ಮಳೆಯಂತೆ; ಹತ್ತು ಮನೆಯವರು ನೋಡಲಿ, ಹತ್ತು ಕೋಟಿ ಮನೆಯವರು ನೋಡಲಿ, ಕಳುಹಿಸುವ ಖರ್ಚು ಒಂದೇ. ಸ್ಟ್ರೀಮಿಂಗ್ ಹಾಗಲ್ಲ, ಪ್ರತಿಯೊಬ್ಬನಿಗೂ ಬೇರೆಬೇರೆ ಕೊಳವೆಯಲ್ಲಿ ನೀರು ಬಿಟ್ಟಂತೆ. ನೋಡುವವರು ಹೆಚ್ಚಿದಷ್ಟೂ ಖರ್ಚು ಹೆಚ್ಚು. ಆದರೆ ಯಾವ ಕೊಳವೆಯಲ್ಲಿ ಎಷ್ಟು ನೀರು ಹೋಯಿತೆಂಬ ಲೆಕ್ಕ ಅಲ್ಲಿ ಸಿಗುತ್ತದೆ. ಯಾರು, ಯಾವ ಊರಿನಲ್ಲಿ, ಎಷ್ಟು ಹೊತ್ತು ನೋಡಿದರು ಎಂಬುದು ಒಡೆಯರಿಗೆ ತಿಳಿಯುತ್ತದೆ. ಆದುದರಿಂದ ಒಂದೇ ಓವರಿನ ನಂತರ ಅಥಣಿಯವನಿಗೆ ಒಂದು ಜಾಹೀರಾತನ್ನೂ ಬೆಂಗಳೂರಿನವನಿಗೆ ಇನ್ನೊಂದನ್ನೂ ತೋರಿಸಬಹುದು.

ಈ ಬದಲಾವಣೆಯ ಬೆಲೆ ಹರಾಜಿನಲ್ಲಿ ಎದ್ದು ಕಂಡಿತು. ಇಂಡಿಯನ್ ಪ್ರೀಮಿಯರ್ ಲೀಗಿನ 2018ರಿಂದ 2022ರವರೆಗಿನ ಎಲ್ಲ ಹಕ್ಕುಗಳನ್ನು 2017ರಲ್ಲಿ ಸ್ಟಾರ್ ಇಂಡಿಯಾ ಸಂಸ್ಥೆಯು 16,347.50 ಕೋಟಿ ರೂಪಾಯಿಗೆ ಒಟ್ಟಾಗಿ ಕೊಂಡಿತ್ತು. ಆಗ ಭಾರತದ ಅಂತರಜಾಲ ಹಕ್ಕೊಂದಕ್ಕೇ ಬಂದ ಅತಿ ಹೆಚ್ಚಿನ ಸವಾಲು ಫೇಸ್‌ಬುಕ್ಕಿನ 3,900 ಕೋಟಿ. 2022ರ ಜೂನಿನಲ್ಲಿ ಮುಂದಿನ ಐದು ವರ್ಷಗಳ ಹರಾಜು ನಡೆದಾಗ ಮಂಡಳಿಯು ಹಕ್ಕುಗಳನ್ನು ಬಿಡಿಬಿಡಿಯಾಗಿ ಮಾರಿತು. ಟೆಲಿವಿಷನ್ ಹಕ್ಕು ಡಿಸ್ನಿ ಸ್ಟಾರ್ ಸಂಸ್ಥೆಗೆ 23,575 ಕೋಟಿಗೆ ಹೋಯಿತು. ಭಾರತದ ಅಂತರಜಾಲ ಹಕ್ಕು ವಯಾಕಾಮ್18 ಸಂಸ್ಥೆಗೆ 20,500 ಕೋಟಿಗೆ ಹೋಯಿತು. ಪಂದ್ಯವೊಂದರ ಲೆಕ್ಕದಲ್ಲಿ ಒಂದಕ್ಕೆ 57.5 ಕೋಟಿ, ಇನ್ನೊಂದಕ್ಕೆ 50 ಕೋಟಿ. ಆಯ್ದ ಕೆಲವು ಪಂದ್ಯಗಳ ಪ್ರತ್ಯೇಕ ಅಂತರಜಾಲ ಹಕ್ಕು ಸುಮಾರು 3,258 ಕೋಟಿಗೆ ಮಾರಾಟವಾಯಿತು. ಅದನ್ನೂ ಕೂಡಿಸಿದರೆ ಅಂತರಜಾಲದ ಮೊತ್ತ ಟೆಲಿವಿಷನ್ನಿನ ಮೊತ್ತವನ್ನು ತುಸು ಮೀರುತ್ತದೆ. ಎಲ್ಲ ಹಕ್ಕುಗಳ ಒಟ್ಟು ಬೆಲೆ 48,390 ಕೋಟಿ. 1993ರಲ್ಲಿ ಪ್ರಸಾರ ಮಾಡುವವರೇ ಪಂದ್ಯಕ್ಕೆ 5 ಲಕ್ಷ ಕೇಳಿದ್ದನ್ನು ಇದರೊಡನೆ ಹೋಲಿಸಿದರೆ, ಮೂವತ್ತು ವರ್ಷಗಳಲ್ಲಿ ನೀರು ಯಾವ ದಿಕ್ಕಿಗೆ ತಿರುಗಿತೆಂಬುದು ವಿದ್ಯಾರ್ಥಿಗಳಿಗೆ ಮನದಟ್ಟಾಗುತ್ತದೆ.

ಒಂದೇ ಆಟಕ್ಕೆ ಇಬ್ಬರು ಒಡೆಯರಾದುದರಿಂದ ಹೋರಾಟ ಅನಿವಾರ್ಯವಾಯಿತು. 2023ರಲ್ಲಿ ವಯಾಕಾಮ್18 ಸಂಸ್ಥೆಯು ತನ್ನ ಜಿಯೋಸಿನಿಮಾ ವೇದಿಕೆಯಲ್ಲಿ ಲೀಗಿನ ಪಂದ್ಯಗಳನ್ನು ಉಚಿತವಾಗಿ ತೋರಿಸಿತು. ಕನ್ನಡ, ಮರಾಠಿ ಸೇರಿ 12 ಭಾಷೆಗಳಲ್ಲಿ ವೀಕ್ಷಕ ವಿವರಣೆ ಬಂದಿತು. ಎರಡು ಕಂತೆಗಳ ಭಾರ ಹೊತ್ತಿದ್ದ ಗಡಿನಾಡಿನ ಮನೆಯಲ್ಲಿ ಅಜ್ಜನಿಗೆ ಕನ್ನಡ, ಸೊಸೆಗೆ ಮರಾಠಿ, ಅವರವರ ಕೈಯಲ್ಲೇ ದೊರೆಯಿತು. ವಿದ್ಯುತ್ತು ಹೋದರೂ ಪಂದ್ಯ ನಿಲ್ಲಲಿಲ್ಲ. ಟೆಲಿವಿಷನ್ನಿನಲ್ಲಿ ಮಾತ್ರ ಅದೇ ಪಂದ್ಯಕ್ಕೆ ಚಂದಾ ತೆರಬೇಕಾಗಿತ್ತು.

ಹಕ್ಕನ್ನು ಕಳೆದುಕೊಂಡವರಿಗಾದ ಪೆಟ್ಟು ಅಂಕಿಗಳಲ್ಲಿದೆ. ಡಿಸ್ನಿ ಪ್ಲಸ್ ಹಾಟ್‌ಸ್ಟಾರ್ ವೇದಿಕೆಗೆ 2022ರ ಅಕ್ಟೋಬರ್ ಮೊದಲಿಗೆ 6.13 ಕೋಟಿ ಚಂದಾದಾರರಿದ್ದರು; 2023ರ ಜುಲೈ ಮೊದಲಿಗೆ 4.04 ಕೋಟಿಗೆ ಇಳಿದರು. ಆಟ ಹೋದಲ್ಲಿಗೆ ನೋಡುವವನೂ ಹೋಗುತ್ತಾನೆ ಎಂಬುದಕ್ಕೆ ಬೇರೆ ಸಾಕ್ಷ್ಯ ಬೇಡ. ಅವರೂ ಸುಮ್ಮನೆ ಕೂರಲಿಲ್ಲ. 2023ರ ವಿಶ್ವಕಪ್ಪನ್ನು ಮೊಬೈಲಿನಲ್ಲಿ ಉಚಿತವಾಗಿ ತೋರಿಸಿದರು. ನವೆಂಬರ್ 19ರ ಅಂತಿಮ ಪಂದ್ಯವನ್ನು ಒಂದೇ ಹೊತ್ತಿನಲ್ಲಿ 5.9 ಕೋಟಿ ಜನ ಆ ವೇದಿಕೆಯಲ್ಲಿ ನೋಡಿದರು.

ಇಬ್ಬರೂ ಉಚಿತವಾಗಿ ಕೊಡುತ್ತ ಹೋದರೆ ಕೊಂಡ ಹಕ್ಕಿನ ಹಣ ಎಲ್ಲಿಂದ ಮರಳಬೇಕು? ಕೊನೆಗೆ ಕಾದಾಡುತ್ತಿದ್ದ ಪೈಲವಾನರಿಬ್ಬರೂ ಒಂದೇ ಗರಡಿಗೆ ಸೇರಿದರು. ಸ್ಪರ್ಧಾ ಆಯೋಗವು 2024ರ ಆಗಸ್ಟಿನಲ್ಲಿ ಷರತ್ತುಗಳೊಡನೆ ಒಪ್ಪಿಗೆಯಿತ್ತ ಬಳಿಕ ನವೆಂಬರ್ 14ರಂದು ಎರಡು ಸಂಸ್ಥೆಗಳ ಮಾಧ್ಯಮ ವ್ಯವಹಾರಗಳು ಕೂಡಿದವು. ಕೂಡಿದ ಸಂಸ್ಥೆಯ ಮೌಲ್ಯವನ್ನು 70,352 ಕೋಟಿ ರೂಪಾಯಿ ಎಂದು ಸಾರಲಾಯಿತು. 2025ರ ಫೆಬ್ರವರಿ 14ರಂದು ಎರಡು ವೇದಿಕೆಗಳೂ ಬೆರೆತು ಜಿಯೋಹಾಟ್‌ಸ್ಟಾರ್ ಎಂಬ ಒಂದೇ ವೇದಿಕೆಯಾಯಿತು. ಆ ವರ್ಷದ ಲೀಗಿನಲ್ಲಿ ಸ್ವಲ್ಪ ಹೊತ್ತು ಮಾತ್ರ ಉಚಿತ. ಆಮೇಲೆ ಚಂದಾ ತೆರಬೇಕು, ಇಲ್ಲವೆ ನಿಗದಿಯಾದ ಮೊಬೈಲ್ ರೀಚಾರ್ಜು ಮಾಡಿಸಿರಬೇಕು. ಮೊಬೈಲಿಗೆಂದು ಮೂರು ತಿಂಗಳಿಗೆ 149 ರೂಪಾಯಿಯ ಚಂದಾ ಆಗ ಜಾರಿಯಲ್ಲಿತ್ತು. ಎರಡು ವರ್ಷ ಬಾಗಿಲು ತೆರೆದಿಟ್ಟ ಮೈದಾನಕ್ಕೆ ಮತ್ತೆ ಚೀಟಿ ಬಂದಿತು. ಆ ವರ್ಷ ಜೂನ್ 3ರಂದು ಬೆಂಗಳೂರಿನ ತಂಡ ಹದಿನೆಂಟನೆಯ ಯತ್ನದಲ್ಲಿ ಮೊದಲ ಬಾರಿಗೆ ಲೀಗನ್ನು ಗೆದ್ದುದನ್ನು ಕನ್ನಡಿಗರು ನೋಡಿದ್ದು ಈ ಹೊಸ ಏರ್ಪಾಡಿನಲ್ಲಿ.

ಈ ಪಲ್ಲಟದಿಂದ ಚಂದಾ ವಾಹಿನಿಗಳ ವ್ಯಾಪಾರವು ಮೂರು ಬಗೆಯಲ್ಲಿ ಬದಲಾಗಿದೆ. ಮೊದಲನೆಯದು, ಕಂತೆಯ ಹಗ್ಗ ಸಡಿಲವಾಗಿದೆ. ಆಟವು ಮೊಬೈಲಿನಲ್ಲಿ ಸಿಗುವಾಗ ಅದಕ್ಕಾಗಿ ಇಡೀ ಕಂತೆಯನ್ನು ಕೊಳ್ಳುವವರು ಕಡಿಮೆಯಾದರು. ದೇಶದಲ್ಲಿ ಚಂದಾ ಡಿಶ್ ಬಳಸುವ ಮನೆಗಳು 2021ರಲ್ಲಿ ಸುಮಾರು 7 ಕೋಟಿಯಿದ್ದವು. 2025ರ ವೇಳೆಗೆ 6 ಕೋಟಿಗಿಂತ ಕೆಳಗಿಳಿದವು. ಎರಡನೆಯದು, ಪರದೆ ಯಾವುದಾದರೂ ಒಡೆಯನು ಒಬ್ಬನೇ ಆಗುತ್ತಿದ್ದಾನೆ. ಅಮೆರಿಕದ ಇಎಸ್‌ಪಿಎನ್ ಕೂಡ 2025ರ ಆಗಸ್ಟಿನಲ್ಲಿ ತನ್ನ ವಾಹಿನಿಗಳನ್ನು ಕೇಬಲ್ಲಿನ ಹಂಗಿಲ್ಲದೆ ನೇರವಾಗಿ ಜನರಿಗೆ ಮಾರತೊಡಗಿತು. ಮೂರನೆಯದು, ಆಟವು ಬೇರೊಂದು ಸರಕಿನ ಜೊತೆಗೆ ಬರುವ ಕೊಡುಗೆಯಾಗಿದೆ. ಮೊಬೈಲ್ ಸಂಸ್ಥೆಗೆ ಪಂದ್ಯದಿಂದಲೇ ಲಾಭ ಬರಬೇಕೆಂದಿಲ್ಲ. ಪಂದ್ಯಕ್ಕಾಗಿ ರೀಚಾರ್ಜು ಮಾಡಿಸಿದರೆ ಸಾಕು.

ದೊಡ್ಡವರ ಈ ಲೆಕ್ಕದ ನಡುವೆ ಊರಿನ ಕೇಬಲ್‌ನವನನ್ನು ಮರೆಯುವಂತಿಲ್ಲ. ಮಳೆಗಾಳಿಗೆ ತಂತಿ ಹರಿದಾಗ ಏಣಿ ಹೆಗಲಿಗೇರಿಸಿ ಬರುವವನು ಅವನು. ಕಬ್ಬಿನ ಬಿಲ್ಲು ಬರುವವರೆಗೆ ಚಂದಾಕ್ಕೆ ಕಾಯುವವನೂ ಅವನೇ. ಬೇರೆ ಒಪ್ಪಂದವಿಲ್ಲದಿದ್ದಲ್ಲಿ ಸಂಪರ್ಕ ಶುಲ್ಕದಲ್ಲಿ ವಿತರಕನಿಗೆ 55, ಅವನಿಗೆ 45 ಪಾಲೆಂಬುದು 2017ರ ನಿಯಮ. ಮನೆಗಳು ಕಡಿಮೆಯಾದಂತೆ ಈ ಪಾಲೂ ಕರಗುತ್ತದೆ. ಹಲವರು ಅದೇ ಕಂಬಗಳ ಮೇಲೆ ಅಂತರಜಾಲದ ತಂತಿ ಎಳೆದು ಹೊಸ ವೃತ್ತಿಗೆ ಹೊರಳಿದ್ದಾರೆ. ಕಾಲ ಬದಲಾದಾಗ ಕಸುಬು ಬದಲಾಗುವುದು ಸಹಜ. ಆದರೆ ಯಂತ್ರವು ಕಾಯುವುದಿಲ್ಲ, ಮನುಷ್ಯ ಕಾಯುತ್ತಾನೆ. ದಿನ ಮುಗಿದೊಡನೆ ಪರದೆಯನ್ನು ಕಪ್ಪಾಗಿಸುವ ವ್ಯವಸ್ಥೆಗೆ ಕಬ್ಬಿನ ಬಿಲ್ಲಿನ ಸುದ್ದಿ ತಿಳಿಯದು.

ಪ್ರಸಾರದ ಹಣದಿಂದ ಆಟಗಳಿಗೆ ಒಳಿತಾಗಿಲ್ಲವೆಂದು ಹೇಳಲಾಗದು. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾದ ಮೇಲೆ ಹಳ್ಳಿಯ ಅಂಗಳದ ಆಟಕ್ಕೆ ದೇಶದ ಪರದೆಯಲ್ಲಿ ಸ್ಥಾನ ಸಿಕ್ಕಿತು; ಆಟಗಾರರಿಗೆ ಕೈತುಂಬ ಸಂಭಾವನೆ ಬಂದಿತು. 2025ರ ಜನವರಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ದೆಹಲಿಯಲ್ಲಿ ನಡೆದು, ಭಾರತದ ಪುರುಷರ ಹಾಗೂ ಮಹಿಳೆಯರ ತಂಡಗಳೆರಡೂ ಗೆದ್ದವು. ಆದರೂ ಹಣದ ಹೊಳೆಯ ಬಹುಪಾಲು ಕ್ರಿಕೆಟ್ಟಿನ ಹೊಲಕ್ಕೇ ಹರಿಯುತ್ತದೆ. ಕಾಲುವೆಯ ಕೊನೆಯಂಚಿನ ರೈತನಂತೆ ಉಳಿದ ಆಟಗಳು ನೀರಿಗಾಗಿ ಕಾದಿವೆ.

ಬೆಲೆಯನ್ನು ಯಾವಾಗಲೂ ರೂಪಾಯಿಯಲ್ಲೇ ತೆರುವುದಿಲ್ಲ. ಉಚಿತವೆಂದು ನೋಡಿದ ಪಂದ್ಯಕ್ಕೆ ಜಾಹೀರಾತು ನೋಡಿದ ಸಮಯ, ಖರ್ಚಾದ ದತ್ತಾಂಶ, ತನ್ನ ಅಭಿರುಚಿಯ ವಿವರ ಇವೆಲ್ಲವನ್ನೂ ನೋಡುವವನು ಕೊಟ್ಟಿರುತ್ತಾನೆ. ಇನ್ನೊಂದು ಬೆಲೆಯೂ ಇದೆ. ಒಂದು ಪೆಟ್ಟಿಗೆಯ ಮುಂದೆ ಓಣಿಯೇ ಕೂಡುತ್ತಿದ್ದ ಕಾಲ ಹೋಗಿ, ಒಂದೇ ಮನೆಯ ನಾಲ್ವರು ನಾಲ್ಕು ಮೂಲೆಯಲ್ಲಿ ನಾಲ್ಕು ಪರದೆಗಳನ್ನು ನೋಡುವ ಕಾಲ ಬಂದಿದೆ. ಹುದ್ದರಿ ಬಿದ್ದಾಗ ಒಟ್ಟಿಗೆ ಏಳುತ್ತಿದ್ದ ಕೂಗು ಈಗ ಬೇರೆಬೇರೆ ಕೋಣೆಗಳಲ್ಲಿ, ಕ್ಷಣ ಹಿಂದುಮುಂದಾಗಿ ಕೇಳುತ್ತದೆ.

ಜಾತ್ರೆಯ ಕಣದಲ್ಲಿ ಮಾತ್ರ ಇಂದಿಗೂ ಹಲಗೆಯ ಸದ್ದೆದ್ದಾಗ ಊರು ಒಂದಾಗಿ ಸೇರುತ್ತದೆ. ಮೊಬೈಲ್ ಹಿಡಿದ ಹುಡುಗರು ಅಲ್ಲಿಗೂ ಬಂದಿದ್ದಾರೆ. ಕುಸ್ತಿಯ ಚಿತ್ರ ಅವರ ಕೈಯಿಂದ ಊರಾಚೆಗೂ ಹೋಗುತ್ತದೆ. ಆ ಕಣಕ್ಕೂ ಒಂದು ದಿನ ಬೇಲಿ ಬರಬಹುದು. ಬಂದಾಗ ಯಾರ ಹಣ, ಯಾರ ಆಟ, ಯಾರಿಗೆ ಕಿಂಡಿ ಎಂಬ ಪ್ರಶ್ನೆಗಳನ್ನು ಕೇಳಬಲ್ಲವರು ಊರಿನಲ್ಲಿರಬೇಕು. ಬೇವಿನ ಕೊಂಬೆಯ ಮೇಲೆ ಕುಳಿತು ನೋಡುತ್ತಿರುವ ಹುಡುಗರೇ ಮುಂದೆ ಆ ಪ್ರಶ್ನೆಗಳನ್ನು ಕೇಳಬೇಕಾದವರು.

ಪದಗಳ ಅರ್ಥ

ಕಣ – ಅಖಾಡ, ಕುಸ್ತಿಯ ನೆಲ
ಪಟ್ಟಿ – ಊರಿನವರಿಂದ ಕೂಡಿಸುವ ವಂತಿಗೆ
ಏಕಸ್ವಾಮ್ಯ – ಒಬ್ಬರೇ ಒಡೆಯರಾಗಿರುವಿಕೆ
ತೂಬು – ಕಾಲುವೆಯಿಂದ ನೀರು ಬಿಡುವ ಕಂಡಿ
ಸವಾಲು – ಹರಾಜಿನಲ್ಲಿ ಕೂಗುವ ಬೆಲೆ
ಪಲ್ಲಟ – ಬದಲಾವಣೆ

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಖಾಸಬಾಗ ಮೈದಾನವನ್ನು ಕಟ್ಟಿಸಿದವರು ಯಾರು?
2. 1995ರ ತೀರ್ಪಿನ ತಿರುಳೇನು?
3. ಕಂತೆಯನ್ನು ಬಿಗಿದು ಹಿಡಿದ ಹಗ್ಗ ಯಾವುದು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಉಪಗ್ರಹ ಪ್ರಸಾರಕ್ಕೂ ಸ್ಟ್ರೀಮಿಂಗಿಗೂ ಇರುವ ವ್ಯತ್ಯಾಸವೇನು?
2. 2007ರ ಕಾಯಿದೆಯನ್ನು ‘ಬೇಲಿಯಲ್ಲಿ ಬಿಟ್ಟ ಕಿಂಡಿ’ ಎಂದು ಕರೆದಿರುವುದೇಕೆ?
3. ಊರಿನ ಕೇಬಲ್‌ನವನ ಬಾಳಿನಲ್ಲಾದ ಬದಲಾವಣೆಗಳನ್ನು ವಿವರಿಸಿರಿ.

ಇ. ಸಂದರ್ಭದೊಡನೆ ವಿವರಿಸಿರಿ.
1. “ಮುಗಿಲಿಂದ ಬರೂದಕ್ಕ ಯಾರಿಗಪಾ ರೊಕ್ಕಾ ಕೊಡೂದು?”
2. “ಯಂತ್ರವು ಕಾಯುವುದಿಲ್ಲ, ಮನುಷ್ಯ ಕಾಯುತ್ತಾನೆ.”

ಈ. ಮಾಡಿ ತಿಳಿಯಿರಿ.
ನಿಮ್ಮ ಮನೆಯಲ್ಲಿ ಒಂದು ತಿಂಗಳಿಗೆ ಟೆಲಿವಿಷನ್ ಚಂದಾಕ್ಕೂ ಮೊಬೈಲಿಗೂ ಆಗುವ ಖರ್ಚನ್ನು ಬರೆಯಿರಿ. ಅದರಲ್ಲಿ ಆಟ ನೋಡಲು ಆದ ಖರ್ಚು ಎಷ್ಟಿರಬಹುದು? ತರಗತಿಯಲ್ಲಿ ಚರ್ಚಿಸಿರಿ.